ಕೋಟೆ ಊರಿನ ಸ್ನಾರ್ಕೆಲ್ ಗಿರಾಕಿಗಳು

ಸಮುದ್ರ ನೋಡಬೇಕೆಂದರೆ ಚಿತ್ರದುರ್ಗದಿಂದ ಅರ್ಧ ದಿನ ಬಸ್ಸಿನಲ್ಲಿ ಕೂರಬೇಕು. ಆದರೂ ಈಚೆಗೆ ಮುರುಡೇಶ್ವರ, ಅಂಡಮಾನ್ ಅಂತ ಟೂರು ಹೊರಡುವವರು ನನ್ನ ಆಟದ ಸಾಮಾನಿನ ಅಂಗಡಿಗೆ ಬಂದು ಸ್ನಾರ್ಕೆಲ್ ಕೇಳುತ್ತಾರೆ. ಕಣ್ಣು ಮೂಗು ಮುಚ್ಚುವ ಮಾಸ್ಕು, ಬಾಯಲ್ಲಿ ಕಚ್ಚಿಕೊಂಡು ಉಸಿರಾಡುವ ಕೊಳವೆ. ನೀರಲ್ಲಿ ಮುಖ ಇಟ್ಟುಕೊಂಡೇ ಮೀನು ನೋಡಬಹುದು. ಕ್ರಿಕೆಟ್ ಬ್ಯಾಟಿಗೆ ಬಂದವರು ಬ್ಯಾಟು ತಗೊಂಡು ಹೋಗುತ್ತಾರೆ. ಇದಕ್ಕೆ ಬಂದವರು ಮಾತ್ರ ಏನಾದರೊಂದು ಮಾಡಿಯೇ ಹೋಗುತ್ತಾರೆ.

ಮೇಷ್ಟ್ರ ಮೌನ

ಹಿರಿಯೂರಿನಿಂದ ಒಬ್ಬ ನಿವೃತ್ತ ಹೆಡ್‌ಮಾಸ್ತರು ಹೆಂಡತಿ ಸಮೇತ ಬಂದರು. ಕೊಳವೆಯನ್ನು ಮಾಸ್ಕಿನ ಪಟ್ಟಿಗೆ ಸಿಗಿಸುವ ಕ್ಲಿಪ್ಪು ಎಡಗಡೆ ಇರಬೇಕು ಎಂದೆ.

"ಎಡ ಯಾಕೆ? ಬಲ ಯಾಕಾಗಬಾರ್ದು?" ಎಂದು ಶುರು ಮಾಡಿದವರು ಅರ್ಧ ಗಂಟೆ ನಿಲ್ಲಿಸಲಿಲ್ಲ.

ನಾನು ಸೋತು, "ಸಾರ್, ಒಂದ್ಸಲ ಕಚ್ಚಿ ನೋಡ್ರಿ. ಕ್ಲಿಪ್ಪು ಸರಿಯಾಗಿ ಕೂರ್ಲಿಲ್ಲ ಅಂದ್ರೆ ದವಡೆ ನೋಯ್ತೈತೆ" ಎಂದು ಕೊಳವೆ ಕೊಟ್ಟೆ. ಕಚ್ಚಿಕೊಂಡರು. ಅಂಗಡಿ ತಣ್ಣಗಾಯಿತು.

ತಕ್ಷಣ ಹೆಂಡತಿ ಬಾಯಿ ಬಿಟ್ಟರು. ಅಡುಗೆಮನೆ ನಲ್ಲಿ ಸೋರ್ತೈತೆ, ತಂಗಿ ಮನೆಗೆ ಹೋಗಿ ವರ್ಷ ಆಯ್ತು, ಮಹಡಿಗೆ ಬಣ್ಣ ಹೊಡೆಸಬೇಕು. ಮೇಷ್ಟ್ರು ಎಲ್ಲಕ್ಕೂ ತಲೆಯಾಡಿಸಿದರು.

ಆಕೆ ನನ್ನ ಕಡೆ ತಿರುಗಿದರು: "ಇದನ್ನ ನೀರಿಲ್ದೆ ಇದ್ರೂ ಹಾಕ್ಕಬೋದಲ್ರೀ?"

ಮೀಸೆ

ಹೊಳಲ್ಕೆರೆಯ ಬಟ್ಟೆ ವ್ಯಾಪಾರಿಗೆ ಮುಖದ ತುಂಬ ಮೀಸೆ. ಮಾಸ್ಕು ಮುಖಕ್ಕೆ ಕೂರಲಿಲ್ಲವೆಂದು ಪಟ್ಟಿ ಎಳೆದರು, ಮತ್ತೆ ಎಳೆದರು, ಮುಖ ಟೊಮೆಟೊ ಆಯಿತು.

"ಪಟ್ಟಿ ಬಿಗಿದ್ರೆ ನೀರು ನಿಲ್ಲಲ್ರೀ. ಮೀಸೆ ಸಂದೀಲಿ ಬರ್ತೈತೆ. ಮೂಗಿನ ಕೆಳಗೆ ಒಂಚೂರು ಕತ್ತರಿಸ್ರಿ."

"ಮೀಸೆ ತೆಗೆದು ಮೀನು ನೋಡ್ಬೇಕಾ? ಬಿಡ್ರಿ, ಅವೇ ನನ್ನ ನೋಡ್ಲಿ!"

ಹಾಗಾದರೆ ಮೀಸೆಗೆ ವ್ಯಾಸಲೀನ್ ಬಳಿದುಕೊಳ್ಳಿ, ಪಟ್ಟಿ ಸಡಿಲ ಬಿಡಿ ಎಂದೆ. ಹದಿನೈದು ದಿನ ಬಿಟ್ಟು ಖುಷಿಯಾಗಿ ಬಂದರು. ಒಂದು ಹನಿ ನೀರೂ ಒಳಗೆ ಹೋಗಿರಲಿಲ್ಲವಂತೆ.

"ಮೀನು ಕಂಡ್ವಾ?"

"ಎಲ್ಲಿ ಕಾಣ್ತವೆ! ಎಲ್ಲಾ ಗಾಜಿನ ಕೆಳಗೆ ಮೀಸೆ ನೋಡ್ತಾ ನಿಂತಿದ್ವು."

ಈಜುಕೊಳದಲ್ಲಿ

ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಿಂದ ಬಂದವರು ಒಬ್ಬ ಅಂಗನವಾಡಿ ಟೀಚರು. ಚಿಕ್ಕಂದಿನಲ್ಲಿ ಕಲ್ಯಾಣಿಗೆ ಜಾರಿ ಬಿದ್ದವರು, ಆಮೇಲೆ ನೀರೆಂದರೆ ಚೊಂಬಿನಷ್ಟೇ. ಗೆಳತಿಯರ ಜೊತೆ ಸಮುದ್ರಕ್ಕೆ ಹೊರಟಿದ್ದರು.

"ಪ್ರತಿ ಸಲ ದಡದಾಗೆ ಕುಂತು ಎಲ್ರ ಚಪ್ಪಲಿ ಕಾದಿದೀನಿ ಅಣ್ಣ. ಈ ಸಲ ಇಳಿಯೋದೇ."

ರಬ್ಬರ್ ಪಟ್ಟಿ ಕೂದಲು ಕೀಳುತ್ತಿತ್ತು. ಅದಕ್ಕೆ ಬಟ್ಟೆಯ ಕವರ್ ಹಾಕಬಹುದು ಎಂದೆ. ಮರುದಿನವೇ ಬ್ಲೌಸ್ ಪೀಸಿನಲ್ಲಿ ಹೊಲಿದು ತಂದರು, ಜರಿ ಅಂಚು ಸಮೇತ. ಪಟ್ಟಿಯನ್ನು ಜಡೆಯಿಂದ ಮೇಲೆ, ತಲೆಯ ಹಿಂದಿನ ಉಬ್ಬಿಗೆ ಕೂರಿಸಿದೆ.

"ಮೊದ್ಲು ಇಲ್ಲಿ ಈಜುಕೊಳದಾಗೆ ಇಳಿದು ನೋಡ್ತೀನಿ. ನೀವೂ ಬರ್ರಿ, ಧೈರ್ಯಕ್ಕೆ" ಎಂದರು.

ಹೋದೆ. ನಾನು ಅಂಚಿನಲ್ಲಿ ನಿಂತೆ, ಅವರು ಕಂಬಿ ಹಿಡಿದು ಇಳಿದರು. ಮೂರು ದಿನ ಇದೇ ಆಯಿತು. ಮುಖ ನೀರಿಗಿಡುವುದು, ಐದು ಎಣಿಸುವಷ್ಟರಲ್ಲಿ ಕೆಮ್ಮುತ್ತಾ ಏಳುವುದು. ನಾಲ್ಕನೇ ದಿನ ಮುಖ ಇಟ್ಟವರು ಏಳಲೇ ಇಲ್ಲ. ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ. ಕೈ ಕಂಬಿಯನ್ನು ಬಿಟ್ಟಿತ್ತು, ಆಕೆ ಸುಮ್ಮನೆ ತೇಲುತ್ತಿದ್ದರು. "ಅಮ್ಮಾ!" ಎಂದು ಕೂಗಿ ಪ್ಯಾಂಟು, ಶರ್ಟು, ಮೊಬೈಲ್ ಸಮೇತ ಹಾರಿದೆ.

ಹಾರಿದ ಮೇಲೆ ನೆನಪಾಯಿತು, ನನಗೆ ಈಜು ಬರುವುದಿಲ್ಲ.

ಕೈಕಾಲು ಬಡಿದೆ, ನೀರು ಕುಡಿದೆ, ಮನೆದೇವರನ್ನೆಲ್ಲ ಕರೆದೆ. ಅಷ್ಟರಲ್ಲಿ ಯಾರೋ ಕಾಲರ್ ಹಿಡಿದರು. ಜರಿ ಪಟ್ಟಿಯ ಮಾಸ್ಕು ಹಾಕಿಕೊಂಡೇ ಆಕೆ ನಿಂತಿದ್ದರು.

"ಅಣ್ಣಾ, ಕಾಲು ಊರ್ರಿ!"

ಊರಿದೆ. ನೀರು ಎದೆಮಟ್ಟ ಇತ್ತು.

"ನೀವು ಯಾಕೆ ಏಳ್ಲಿಲ್ಲ?" ಎಂದು ಏದುಸಿರಲ್ಲಿ ಕೇಳಿದೆ.

"ಉಸಿರು ಬರ್ತಿತ್ತಲ್ಲ ಅಣ್ಣ! ತಳದಾಗೆ ಬಿಸಿಲು ಬಲೆ ಹಂಗೆ ಆಡ್ತಿತ್ತು. ನೋಡ್ತಾ ಮರ್ತೇಬಿಟ್ಟೆ."

ದಡದಿಂದ ಈಜು ಕಲಿಸುವ ಕೋಚ್ ಓಡಿ ಬಂದು, "ಏನ್ರೀ, ಸ್ನಾರ್ಕೆಲ್ ಮಾರೋರಿಗೇ ಈಜು ಬರಲ್ವಾ?" ಎಂದರು.

ನಾನು ಜೇಬಿನಿಂದ ಮೊಬೈಲ್ ತೆಗೆದು ನೀರು ಬಸಿದೆ. ಆಕೆ ಮಾಸ್ಕನ್ನು ಹಣೆಗೇರಿಸಿ ಹೇಳಿದರು: "ಬೈಬೇಡ್ರಿ ಸಾರ್. ನಾನು ಕಲಿಸ್ತೀನಿ ಬಿಡ್ರಿ."