ಹಿಡಿದವರಿಗೇ ಬಾಲು

ಸುಮ್ಮನೆ ಹೋಗಿ ಸುಮ್ಮನೆ ಬರೋದು ನನ್ನ ಹಣೆಯಲ್ಲಿ ಬರೆದಿಲ್ಲ. ಸಿಯಾಟಲ್ ಪಕ್ಕದ ಲಿನ್‌ವುಡ್‌ನ ನಮ್ಮ ಮನೆಯಿಂದ ಹಾಲು ತರೋಕೆ ಹೋದ್ರೂ ಏನಾದರೊಂದು ಎಡವಟ್ಟು ಮಾಡ್ಕೊಂಡೇ ವಾಪಸ್ ಬರ್ತೀನಿ. ಅಂಥಾದ್ರಲ್ಲಿ ಅಡುಗೆಮನೆ, ಹಾಸಿಗೆ ಎಲ್ಲ ಒಳಗೇ ಇರೋ ಮೋಟರ್‌ಹೋಮ್ ಬಾಡಿಗೆಗೆ ತಗೊಂಡು, ಒಬ್ಬಳೇ ಕ್ಯಾಲಿಫೋರ್ನಿಯಾದ ತುದಿವರೆಗೂ ಬೇಸ್‌ಬಾಲ್ ಸ್ಟೇಡಿಯಂಗಳನ್ನ ನೋಡ್ಕೊಂಡು ಬರ್ತೀನಿ ಅಂತ ಹೊರಟರೆ ಏನೂ ಆಗದೆ ಇರುತ್ತಾ?

ಬೇಸ್‌ಬಾಲೇ ಯಾಕೆ ಅಂತ ಎಲ್ಲರೂ ಕೇಳ್ತಾರೆ. ನಾನು ಚಿಕ್ಕವಳಿದ್ದಾಗ ಮೈಸೂರಲ್ಲಿ ನಮ್ಮ ಬೀದಿ ಕ್ರಿಕೆಟ್ಟಿಗೆ ಅಣ್ಣನೇ ಕ್ಯಾಪ್ಟನ್. ನನಗೆ ಬ್ಯಾಟಿಂಗೂ ಇಲ್ಲ, ಬೌಲಿಂಗೂ ಇಲ್ಲ. ಚರಂಡಿ ಪಕ್ಕ ನಿಂತ್ಕೊಂಡು ಬಂದ ಬಾಲನ್ನ ಎತ್ತಿ ಎಸೆಯೋದಷ್ಟೇ ಕೆಲಸ. 'ಎಸಿಯೇ, ಬೇಗ ಎಸಿಯೇ' ಅಂತ ಅಣ್ಣ ಕೂಗೋನು, ನಾನು ಎಸೀತಿದ್ದೆ. ಒಂದು ದಿನವಾದ್ರೂ ಆ ಬಾಲು ನನ್ನ ಕೈಯಲ್ಲಿ ಉಳಿದಿದ್ದಿಲ್ಲ.

ಸಿಯಾಟಲ್‌ಗೆ ಬಂದ ಹೊಸದರಲ್ಲಿ ಸೌತ್ ಲೇಕ್ ಯೂನಿಯನ್ ಬಡಾವಣೆಯ ನನ್ನ ಆಫೀಸಿನವರು ಬೇಸ್‌ಬಾಲ್ ನೋಡೋಕೆ ಕರ್ಕೊಂಡು ಹೋದ್ರು. ಇಲ್ಲಿ ಜನರ ಮಧ್ಯೆ ಬಂದು ಬಿದ್ದ ಬಾಲು ಹಿಡಿದವರದ್ದೇ, ಮನೆಗೇ ತಗೊಂಡು ಹೋಗ್ಬಹುದು ಅಂತ ಗೊತ್ತಾಯ್ತು. ಅವತ್ತೇ ಆ ಆಟಕ್ಕೆ ಮಾರುಹೋದೆ. ಆದರೆ ಇಷ್ಟು ವರ್ಷ ಹೋದ್ರೂ ಒಂದು ಬಾಲೂ ನನ್ನ ಕಡೆ ಸುಳಿಯಲಿಲ್ಲ. ಈ ವರ್ಷ ರಿಟೈರ್ ಆದೆ. ನಮ್ಮೂರಲ್ಲಿ ಸಿಗದಿದ್ರೆ ಬೇರೆ ಊರಲ್ಲಾದ್ರೂ ಸಿಗಲಿ, ಒಂದು ಬಾಲು ನನ್ನದು ಅಂತ ಮನೆಗೆ ತರಲೇಬೇಕು ಅಂತ ಹಟ ಹಿಡಿದು ಹೊರಟೆ.

ನಮ್ಮನೆಯವರು ಜೊತೆಗೆ ಬರಲಿಲ್ಲ. 'ಆ ಆಟದಲ್ಲಿ ಏನಿದೆ? ಎಲ್ಲರೂ ನಿಂತ್ಕೊಂಡು ಉಗುಳ್ತಾ ಇರ್ತಾರೆ' ಅನ್ನೋದು ಅವರ ಅಭಿಪ್ರಾಯ.

ನಿಂಬೆಹಣ್ಣಿನ ಲೆಕ್ಕ

ಬರಲ್ಲ ಅಂದ್ರೂ ಪೂಜೆ ಮಾಡದೆ ಗಾಡಿ ಹೊರಡಿಸೋಕೆ ಅವರು ತಯಾರಿಲ್ಲ. ಅರಿಶಿನ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡೋಕೆ ಬಗ್ಗಿದ್ರು. ಬಗ್ಗಿದವರು ಹಾಗೇ ನಿಂತ್ರು. ಹಿಂದುಗಡೆ ಒಂದೊಂದು ಪಕ್ಕಕ್ಕೂ ಜೋಡಿ ಚಕ್ರ. ತಂದಿದ್ದು ನಾಲ್ಕೇ ನಿಂಬೆಹಣ್ಣು.

'ಆರು ಇಡ್ಬೇಕೋ ನಾಲ್ಕು ಸಾಕೋ?' ಅಂತ ನನ್ನ ಕೇಳಿದ್ರು. ಫ್ರೀಮಾಂಟಿನ ಆಫೀಸಲ್ಲಿ ದಿನಾ ದೊಡ್ಡ ದೊಡ್ಡ ತೀರ್ಮಾನ ಮಾಡೋ ಮನುಷ್ಯ. ನನಗೇನು ಗೊತ್ತು? ಕೊನೆಗೆ ದೇವಸ್ಥಾನದ ಪುರೋಹಿತರಿಗೆ ಫೋನ್ ಮಾಡಿದ್ರು. 'ಲಾರಿಗೆ ಇಡೋ ಹಾಗೇ ಇಡಿ' ಅಂದ್ರು ಅವರು. ಲಾರಿಗೆ ಎಷ್ಟು ಇಡ್ತಾರೆ ಅಂತ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಗಾಡಿ ಬಾಡಿಗೆಗೆ ಕೊಟ್ಟವನು ಇದನ್ನೆಲ್ಲ ಪಕ್ಕದಲ್ಲೇ ನಿಂತು ನೋಡ್ತಿದ್ದ. ಮೈತುಂಬ ಹಚ್ಚೆ ಹಾಕಿಸ್ಕೊಂಡ ಭಾರಿ ಆಳು. ಬಾನೆಟ್ ಮೇಲಿನ ಕುಂಕುಮ ತೋರಿಸಿ ಇದು ಯಾಕೆ ಅಂತ ಕೇಳಿದ. ಬೈತಾನೇನೋ ಅಂತ ಹೆದರ್ಕೊಂಡೇ, ದಾರೀಲಿ ಗಾಡಿ ಕೆಟ್ಟು ನಿಲ್ಲದೆ ಇರ್ಲಿ ಅಂತ ಮಾಡ್ತೀವಿ ಅಂದೆ.

ಅವನು ಕುಂಕುಮಾನ ಇನ್ನೊಂದು ಸಲ ಬಗ್ಗಿ ನೋಡಿದ. 'ನನ್ನ ಹತ್ರ ಇನ್ನೊಂದು ಗಾಡಿ ಇದೆ, ಅದರ ಗೇರ್ ಯಾಕೋ ಸರಿಯಾಗಿ ಬೀಳ್ತಿಲ್ಲ. ನಾಳೆ ತಂದ್ರೆ ಅದಕ್ಕೂ ಮಾಡ್ತೀರಾ?' ಅಂದ.

ಒಬ್ಬಳೇ ಇದ್ದೀನಿ

ಮನೆ ಕಟ್ಕೊಂಡು ಗಾಡಿ ಓಡಿಸೋದು ಅಂದ್ರೆ ಏನು ಅಂತ ಆರೆಗಾನಿನ ಬೆಟ್ಟ ಇಳಿಯೋವಾಗ ಗೊತ್ತಾಯ್ತು. ಬೆಳಿಗ್ಗೆ ಒಗ್ಗರಣೆ ಹಾಕಿ ಬೀರುವಿನ ಚಿಲಕ ಹಾಕೋದು ಮರೆತಿದ್ದೆ. ಮೊದಲನೇ ಬ್ರೇಕಿಗೆ ಬಾಗಿಲು ತೆರ್ಕೊಂಡಿತು, ಎರಡನೇದಕ್ಕೆ ಸಾಸಿವೆ ಡಬ್ಬಿ ಹಾರಿತು. ಮೂರನೇದಕ್ಕೆ ಕುಕ್ಕರ್ ಕೆಳಗೆ ಬಿದ್ದು ಗಡಗಡ ಅಂತ ಆ ಕಡೆಯಿಂದ ಈ ಕಡೆಗೆ ಉರುಳಾಡೋಕೆ ಶುರುವಾಯ್ತು. ಗಾಬರಿಯಾಗಿ ರಸ್ತೆ ಪಕ್ಕ ನಿಲ್ಲಿಸಿದೆ. ಹಿಂದೆನೇ ಪೊಲೀಸ್ ಕಾರೂ ಬಂದು ನಿಂತಿತು.

'ಒಳಗೆ ಇನ್ನು ಯಾರಿದ್ದಾರೆ?' ಅಂತ ಕೇಳಿದ ಆ ಪೊಲೀಸಪ್ಪ.

'ಯಾರೂ ಇಲ್ಲ, ನಾನೊಬ್ಬಳೇ' ಅಂದೆ.

ಅಷ್ಟರಲ್ಲಿ ಡ್ಯಾಶ್‌ಬೋರ್ಡ್ ಮೇಲಿದ್ದ ಫೋನಿನಿಂದ ನಮ್ಮನೆಯವರ ಧ್ವನಿ ಕನ್ನಡದಲ್ಲಿ ಗುಡುಗಿತು. 'ಅಲ್ಲ ಕಣೇ, ಹೊರಡೋ ಮುಂಚೆ ಗ್ಯಾಸ್ ಆಫ್ ಮಾಡಿದ್ಯಾ?' ಬೆಟ್ಟ ಹತ್ತೋವಾಗ ಬಂದಿದ್ದ ಕಾಲ್. ಕಟ್ ಆಗಿದೆ ಅಂದ್ಕೊಂಡಿದ್ದೆ.

ಪೊಲೀಸಪ್ಪ ಎರಡು ಹೆಜ್ಜೆ ಹಿಂದೆ ಹೋದ. ಅದು ನನ್ನ ಗಂಡ, ಸಿಯಾಟಲ್‌ನಲ್ಲಿದ್ದಾರೆ ಅಂತ ತಿಳಿಸಿ ಹೇಳಿದೆ. ಒಳಗೆ ಬಗ್ಗಿ ನೋಡಿದ. ಕುಕ್ಕರ್ ನೋಡಿದ, ನೆಲದ ತುಂಬ ಸಾಸಿವೆ ನೋಡಿದ, ಫೋನಲ್ಲಿ ಇನ್ನೂ ನಡೀತಿದ್ದ ಪ್ರಶ್ನೆಗಳನ್ನ ಕೇಳಿಸ್ಕೊಂಡ.

'ಇದಕ್ಕೆ ಒಬ್ಬರೇ ಹೋಗೋದು ಅಂತಾರಾ?' ಅಂದು, ಹುಷಾರಾಗಿ ಹೋಗಿ ಅಂತ ಬಿಟ್ಟುಬಿಟ್ಟ.

ಇನ್ನೂ ಎರಡು ಬಾಕಿ

ಸ್ಯಾನ್ ಫ್ರಾನ್ಸಿಸ್ಕೊ ಹತ್ರ ಮೋಟರ್‌ಹೋಮ್‌ಗಳು ಸಾಲಾಗಿ ನಿಲ್ಲೋ ಒಂದು ಜಾಗದಲ್ಲಿ ಇಳ್ಕೊಂಡೆ. ಸಾಯಂಕಾಲದ ಮ್ಯಾಚಿಗೆ ಹೋಗೋ ಮುಂಚೆ ಬಿಸಿಬೇಳೆಬಾತ್ ಮಾಡೋಣ ಅಂತ ಬೇಳೆ ಇಟ್ಟೆ. ಕುಕ್ಕರ್ ಒಂದು ಸಲ ಕೂಗಿತು ಅಷ್ಟೇ. ಪಕ್ಕದ ಗಾಡಿಯ ಮುದುಕಪ್ಪ ಬೆಂಕಿ ಆರಿಸೋ ಸಿಲಿಂಡರ್ ಹಿಡ್ಕೊಂಡು ಓಡಿ ಬಂದ.

'ಹೊರಗೆ ಬಾರಮ್ಮ, ಹೊರಗೆ ಬಾ' ಅಂತ ಅವನು ಬಾಗಿಲು ಬಡೀತಿದ್ದಾನೆ. ನಾನು ಸೌಟು ಹಿಡ್ಕೊಂಡೇ ಬಾಗಿಲು ತೆಗೆದು 'ಇನ್ನೂ ಎರಡು ಕೂಗ್ಬೇಕು, ಆಮೇಲೆ ಬರ್ತೀನಿ' ಅಂದೆ. ಪಾಪ, ಆ ಎರಡು ಕೂಗೋವರೆಗೂ ಸಿಲಿಂಡರ್ ಕೆಳಗೆ ಇಡಲಿಲ್ಲ.

ಗಾಬರಿ ಮಾಡಿದ್ದಕ್ಕೆ ಪರಿಹಾರ ಅಂತ ಒಂದು ತಟ್ಟೆ ಬಿಸಿಬೇಳೆಬಾತ್ ಕೊಟ್ಟೆ. ಮೂಗು ಒರೆಸ್ಕೊಂಡು ಒರೆಸ್ಕೊಂಡು ಪೂರ್ತಿ ತಿಂದ. ಅವತ್ತು ಮ್ಯಾಚಲ್ಲಿ ನನಗೆ ಬಾಲ್ ಸಿಗಲಿಲ್ಲ. ಬೇಜಾರಲ್ಲೇ ಮಲಗಿದ್ದೆ. ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯ್ತು. ನೋಡಿದ್ರೆ ಅದೇ ಮುದುಕಪ್ಪ, ಕೈಯಲ್ಲಿ ತೊಳೆದ ತಟ್ಟೆ.

'ಇವತ್ತು ಎಷ್ಟು ಗಂಟೆಗೆ ಕೂಗುತ್ತೆ?' ಅಂದ.

ನೋಡದೆ ಇರೋ ವಿದ್ಯೆ

ಲಾಸ್ ಏಂಜಲೀಸಲ್ಲಿ ಪಕ್ಕದ ಸೀಟಿನ ಹೆಂಗಸು ಒಂದು ಗುಟ್ಟು ಹೇಳಿಕೊಟ್ಟಳು. ಆಸೆಯಿಂದ ಕಾಯೋರಿಗೆ ಬಾಲ್ ಬರಲ್ಲವಂತೆ. ಆಟದ ಕಡೆ ಗಮನ ಇಲ್ಲದೆ ಫೋನ್ ನೋಡ್ತಾ ಕೂತವರ ಮಡಿಲಿಗೇ ಬಂದು ಬೀಳುತ್ತಂತೆ. ಅವಳಿಗೆ ಹಾಗೇ ಸಿಕ್ಕಿದ್ದಂತೆ.

ಸರಿ, ಸ್ಯಾನ್ ಡಿಯಾಗೊದಲ್ಲಿ ಅದನ್ನೇ ಮಾಡೋಣ ಅಂತ ತಲೆ ತಗ್ಗಿಸಿ ಫೋನ್ ಹಿಡ್ಕೊಂಡು ಕೂತೆ. ಹಿಡ್ಕೊಂಡಿದ್ದೇ ತಡ, ನಮ್ಮನೆಯವರ ಕಾಲ್. ಫ್ರಿಜ್ಜಲ್ಲಿ ಇಟ್ಟು ಬಂದಿದ್ದ ಹುಳಿ ಯಾವುದು, ಸಾರು ಯಾವುದು ಅಂತ ಅವರಿಗೆ ಗೊತ್ತಾಗ್ತಿಲ್ಲ. 'ತರಕಾರಿ ಇದ್ರೆ ಹುಳಿ ರೀ' ಅಂತ ನಾನು ವಿವರಿಸ್ತಿರೋವಾಗ ಟಪ್ ಅಂತ ಸದ್ದಾಯ್ತು. ಬಾಲು ನೆಟ್ಟಗೆ ಪಕ್ಕದವನ ಬಿಯರ್ ಲೋಟಕ್ಕೆ ಬಿದ್ದಿತ್ತು. ಅವನು ಒಂದೇ ಗುಟುಕಿಗೆ ಬಿಯರ್ ಕುಡಿದು ಬಾಲನ್ನ ಜೇಬಿಗೆ ಹಾಕ್ಕೊಂಡ.

ನನಗೆ ನಿಜವಾಗಲೂ ಅಳು ಬಂತು. ಕೊನೇ ಸ್ಟೇಡಿಯಂ ಅದು. ಇನ್ನು ವಾಪಸ್ ಹೋಗೋದೇ. ಫೋನಲ್ಲಿ ನಮ್ಮನೆಯವರು 'ಯಾಕೆ ಸುಮ್ಮನಾದೆ? ಎರಡರಲ್ಲೂ ತರಕಾರಿ ಇದೆ' ಅಂದ್ರು.

ನಮ್ಮೂರಿನ ಬಾಲು

ಬರಿಗೈಲಿ ಲಿನ್‌ವುಡ್‌ಗೆ ಬಂದೆ. ಮೋಟರ್‌ಹೋಮ್ ವಾಪಸ್ ಕೊಡೋಕೆ ಇನ್ನೊಂದು ದಿನ ಇತ್ತು, ಸಿಯಾಟಲ್‌ನಲ್ಲಿ ಮ್ಯಾಚೂ ಇತ್ತು. ಹಾಳಾಗಿ ಹೋಗಲಿ, ಇನ್ನೊಂದು ಸಲ ನೋಡೇಬಿಡೋಣ ಅಂತ ಟ್ರೈನ್ ಹತ್ತಿದೆ. ಮೈದಾನದ ತುದಿಗೆ ಸೀಟು ಸಿಕ್ಕಿತು. ನನ್ನ ಪರಿಸ್ಥಿತಿ ನೋಡಿ ಪಾಪ ಅನ್ನಿಸ್ತೋ ಏನೋ, ನಮ್ಮನೆಯವರೂ ಮೊದಲನೇ ಸಲ ಟಿವಿಯಲ್ಲಿ ಬೇಸ್‌ಬಾಲ್ ಹಾಕ್ಕೊಂಡು ಕೂತಿದ್ರಂತೆ.

ಆಟ ಇನ್ನೇನು ಮುಗೀಬೇಕು, ಎದುರು ತಂಡದವನೊಬ್ಬ ಬೀಸಿ ಹೊಡೆದ. ಬಾಲು ಮೇಲೆ ಹೋಯ್ತು, ಹೋಯ್ತು, ಆಮೇಲೆ ನನ್ನ ಕಡೆಗೇ ಬಂತು. ಎದ್ದು ನಿಂತು ಎರಡೂ ಕೈ ಒಡ್ಡಿದೆ. ಅಂಗೈ ಚುರ್ ಅಂತು. ಕಣ್ಣು ಬಿಟ್ಟು ನೋಡಿದ್ರೆ ಬಾಲು ನನ್ನ ಕೈಯಲ್ಲಿ ಕೂತಿದೆ. ಬಿಳೀ ಬಾಲು, ಕೆಂಪು ಹೊಲಿಗೆ. ಜೀವನದಲ್ಲಿ ನಾನು ಇಷ್ಟು ಖುಷಿ ಪಟ್ಟಿದ್ದು ಕಡಿಮೆ.

ಇಲ್ಲಿ ಕೆಲವರಿಗೆ ಒಂದು ಪದ್ಧತಿ ಇದೆ. ಎದುರು ತಂಡದವರು ಹೊಡೆದ ಬಾಲು ನಮಗೆ ಬೇಡ ಅಂತ ಮೈದಾನಕ್ಕೇ ಎಸೀತಾರೆ. ಎಸೀಲೇಬೇಕು ಅಂತೇನಿಲ್ಲ. ಅದೆಲ್ಲ ನನಗೆ ಚೆನ್ನಾಗಿ ಗೊತ್ತು. ಆದರೆ ಸುತ್ತಲಿನ ಜನ ಎಲ್ಲ ಒಟ್ಟಿಗೆ 'ಎಸಿ, ಎಸಿ' ಅಂತ ಇಂಗ್ಲಿಷಲ್ಲಿ ಕೂಗೋಕೆ ಶುರು ಮಾಡಿದ್ರು. ಕಿವಿಗೆ ಅದು ಬಿದ್ದಿದ್ದೇ ತಡ, ನನ್ನ ಕೈ ನನ್ನ ಮಾತು ಕೇಳಲಿಲ್ಲ. ಚರಂಡಿ ಪಕ್ಕ ಕಲಿತ ವಿದ್ಯೆ ಅದು. ಬಾಲು ನೆಟ್ಟಗೆ ಮೈದಾನದ ಆಟಗಾರನ ಕೈಗೇ ಹೋಗಿ ಸೇರಿತು.

ಜನವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು. ಯಾರೋ ತಬ್ಕೊಂಡ್ರು, ಯಾರೋ ಕಡಲೆಕಾಯಿ ಪೊಟ್ಟಣ ಕೊಟ್ರು. ದೊಡ್ಡ ಪರದೆ ಮೇಲೆ ನೋಡಿದ್ರೆ ನನ್ನದೇ ಮುಖ. ಬಾಯಿ ಬಿಟ್ಕೊಂಡು ಖಾಲಿ ಕೈ ನೋಡ್ಕೊಳ್ತಾ ಗಳಗಳ ಅಳ್ತಾ ಇದ್ದೀನಿ. ಊರ ಮೇಲೆ ಎಷ್ಟು ಅಭಿಮಾನ ನೋಡಿ ಈ ತಾಯಿಗೆ ಅಂತ ಜನ ಇನ್ನೂ ಜೋರಾಗಿ ತಟ್ಟಿದ್ರು.

ಮನೆಗೆ ಬರೋಷ್ಟರಲ್ಲಿ ನಮ್ಮನೆಯವರು ಟಿವಿಯಲ್ಲಿ ಬಂದಿದ್ದನ್ನ ಫೋನಲ್ಲಿ ಹಿಡಿದು ಮೈಸೂರಿಗೆ ಕಳಿಸಿಯಾಗಿತ್ತು. ಅಣ್ಣನೇ ಕಾಲ್ ಮಾಡಿದ.

'ಥ್ರೋ ಚೆನ್ನಾಗಿತ್ತು ಕಣೇ ಪುಟ್ಟಿ' ಅಂದ. ಆಮೇಲೆ ಅವನೇ ಕೇಳಿದ. 'ಅಲ್ಲ, ಆಗ ನಿನಗೆ ಒಂದು ಸಲನೂ ಬ್ಯಾಟಿಂಗ್ ಕೊಟ್ಟಿರಲಿಲ್ಲ ಅಲ್ವಾ?'

'ಇಲ್ಲ' ಅಂದೆ.

'ಈ ಸಲ ಊರಿಗೆ ಬಾ, ಕೊಡ್ತೀನಿ. ಮನೆ ಮುಂದೆನೇ ಆಡೋಣ. ಔಟಾದ್ರೂ ಔಟಿಲ್ಲ. ಆಡಿದ ಬಾಲೂ ನಿನಗೇ.'

'ಬಾಲ್ ಎತ್ತಿಕೊಡೋರು ಯಾರು?'

'ನಾನೇ.'

'ನಿನಗೆ ಮಂಡಿ ನೋವಲ್ವೇನೋ?'

'ಮೆಲ್ಲಗೆ ಹೋಗಿ ತರ್ತೀನಿ ಬಿಡು. ಆದ್ರೆ ಚರಂಡಿ ಕಡೆ ಮಾತ್ರ ಹೊಡೀಬೇಡ ಕಣೇ' ಅಂದ.

ಟಿಕೆಟ್ ಬುಕ್ ಮಾಡಿದೀನಿ. ದಿನಾ ಸಾಯಂಕಾಲ ಮನೆ ಹಿಂದಿನ ಪಾರ್ಕಲ್ಲಿ ನಮ್ಮನೆಯವರ ಕೈಲಿ ಬೌಲಿಂಗ್ ಮಾಡಿಸ್ಕೊಂಡು ಚರಂಡಿ ಕಡೆಗೇ ಹೊಡೆಯೋದನ್ನ ಪ್ರಾಕ್ಟೀಸ್ ಮಾಡ್ತಾ ಇದ್ದೀನಿ.