ಕಾಕುವಿನ ಕಂಪೌಂಡರ್

ನಮ್ಮ ಕಾಕು ಬಸವಕಲ್ಯಾಣದ ಅರ್ಧ ಊರನ್ನು ಒಂದು ಕಾದಂಬರಿಯೊಳಗೆ ತುಂಬಿಟ್ಟಿದ್ದಾಳೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ನಮ್ಮ ಓಣಿಯ ಹಿಟ್ಟಿನ ಗಿರಣಿಯ ಮಾಲಕರನ್ನು ಒಮ್ಮೆ ಕೇಳಿ ನೋಡಿ. ಪಾಪ, ಅವರು ಆ ಪುಸ್ತಕವನ್ನು ಮುಟ್ಟಿದವರೂ ಅಲ್ಲ. ಆದರೂ ಅದರ ದೆಸೆಯಿಂದ ಆಗಾಗ ಒಂದು ಗಿರಾಕಿಯನ್ನು ಕಳೆದುಕೊಳ್ಳುತ್ತಾರೆ!

ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ. ಲೋಕದಲ್ಲಿ ಜನ ಪುಸ್ತಕ ಓದಿ ಮುಗಿಸುತ್ತಾರೆ. ಕಾಕುವಿಗೆ ಆ ಅಭ್ಯಾಸವಿಲ್ಲ. ಅವಳದು ಒಂದೇ ಕಾದಂಬರಿ, ಇಟ್ಟಿಗೆಯಷ್ಟು ದಪ್ಪ. ಹೊಲದ ಬದು ಮುಟ್ಟಿದ ಎತ್ತು ತಿರುಗುವ ಹಾಗೆ, ಕೊನೆಯ ಪುಟ ಮುಟ್ಟಿದ ಕೂಡಲೇ ಮೊದಲ ಪುಟದ ಕಡೆ ತಿರುಗುತ್ತಾಳೆ. ಹೊಸ ಪುಸ್ತಕ ತಂದುಕೊಟ್ಟರೆ, "ಅದರಾಗ ನಮ್ಮ ಮಂದಿ ಯಾರೂ ಇಲ್ಲೋ ತಮ್ಮಾ" ಎಂದು ವಾಪಸು ಕೊಡುತ್ತಾಳೆ.

ನಮ್ಮ ಮಂದಿ! ಓದುವಾಗ ಪಾತ್ರಗಳಿಗೆ ಮುಖ ಬೇಕಲ್ಲವೇ? ಕಾಕು ಎಲ್ಲ ಮುಖಗಳನ್ನೂ ಊರಿನಿಂದಲೇ ಎತ್ತಿಕೊಂಡಿದ್ದಾಳೆ. ನಾಯಕಿಗೆ ಅವಳದೇ ಮುಖ, ಅದೂ ಮದುವೆಗೆ ಮೊದಲಿನದು. ನಾಯಕಿಯ ಹೊಲ ಕಸಿಯುವ ದುಷ್ಟ ಜಮೀನ್ದಾರನಿಗೆ ಗಿರಣಿ ಮಾಲಕರ ಮುಖ. ಅವರ ಮೀಸೆಯದೇ ತಪ್ಪು. ಆ ಅಧ್ಯಾಯ ಬಂತೆಂದರೆ ಕಾಕು ಅವರ ಗಿರಣಿಗೆ ಜೋಳ ಕಳಿಸುವುದಿಲ್ಲ. ನಾನು ಡಬ್ಬಿ ಹೊತ್ತು ಊರಿನ ಆ ತುದಿಯ ಗಿರಣಿಗೆ ಹೋಗಬೇಕು. ಮಾಲಕರು ದಾರಿಯಲ್ಲಿ ತಡೆಯುತ್ತಾರೆ.

"ನಿಮ್ಮ ಕಾಕುರು ಎಲ್ಲಿಗಿ ಬಂದಾರಪ್ಪ? ನಾ ಹೊಲ ಕಸಗೊಂಡೀನೇನು?"

"ನಿನ್ನೆನೇ ಕಸಗೊಂಡ್ರಿ."

"ಜಲ್ದಿ ಓದ್ರಿ ಅಂತ ಹೇಳಪ್ಪ. ಕಡೀಗಿ ವಾಪಸ್ ಕೊಡ್ತೀನಲ್ಲ."

ನಿಜ, ಕೊನೆಯ ಅಧ್ಯಾಯದಲ್ಲಿ ಜಮೀನ್ದಾರನಿಗೆ ಪಶ್ಚಾತ್ತಾಪವಾಗುತ್ತದೆ. ಅಂದು ಗಿರಣಿಗೆ ಜೋಳದ ಜೊತೆ ಶೇಂಗಾ ಹೋಳಿಗೆಯೂ ಹೋಗುತ್ತದೆ.

ನಾನೋ, ಊರವರ ಮಾತು, ನಡಿಗೆ, ಕೆಮ್ಮು ಎಲ್ಲವನ್ನೂ ಅನುಕರಿಸಿ ನಗಿಸುವವನು. ಇಂಥ ಕಲಾವಿದನಿಗೆ ದೊಡ್ಡ ಪಾತ್ರವೇ ಸಿಕ್ಕಿರಬೇಕೆಂದು ಆಸೆಯಿಂದ ಕೇಳಿದೆ. ಕಾಕು ಯೋಚಿಸಿ, "ಮದುವಿ ಮನ್ಯಾಗ ಒಬ್ಬವ ಕರೀಲಾರದ ಬಂದು ಉಂಡು ಹೋಗ್ತಾನಲ್ಲ, ಅಂವ ನೀನೇ" ಎಂದಳು. ಅವನಿಗೆ ಮಾತಾದರೂ ಇದೆಯೇ ಎಂದೆ. ಇದೆಯಂತೆ. ಇನ್ನಷ್ಟು ಸಾರು ಕೇಳುತ್ತಾನಂತೆ.

ಆದರೆ ಒಂದು ಪಾತ್ರದ ಸುದ್ದಿಗೆ ಮಾತ್ರ ನಾನೂ ಹೋಗುವುದಿಲ್ಲ. ದವಾಖಾನೆಯ ಕಂಪೌಂಡರ್. ಸೈಕಲ್ ಮೇಲೆ ಬರುತ್ತಾನೆ, ಔಷಧದ ಬಾಟಲಿ ಇಡುತ್ತಾನೆ, ಕಟ್ಟೆಯ ಮೇಲೆ ಕೂತು ಏನೋ ಹೇಳಿ ತಾನೇ ನಗುತ್ತಾನೆ, ಹೋಗುತ್ತಾನೆ. ಅವನು ನಮ್ಮ ತೀರಿಹೋದ ಕಾಕಾ, ಕಾಕುವಿನ ಗಂಡ. ಬಟ್ಟೆ ಅಂಗಡಿಯಲ್ಲಿ ಆಯುಷ್ಯ ಕಳೆದ ಕಾಕಾ ಯಾರಿಗೂ ಔಷಧ ಕೊಟ್ಟವರಲ್ಲ. ಆದರೆ ನಗು ಅದೇ ಎನ್ನುತ್ತಾಳೆ ಕಾಕು. ಮನೆಯ ಗೋಡೆಗೆ ಅವರ ಒಂದು ಫೋಟೊ ಇದೆ, ಗುರುತಿನ ಚೀಟಿಯದನ್ನು ದೊಡ್ಡದು ಮಾಡಿಸಿದ್ದು. ಪೊಲೀಸರು ಹಿಡಿದು ನಿಲ್ಲಿಸಿ ತೆಗೆದಂತಿದೆ. ನಗುವ ಕಾಕಾ ಉಳಿದಿರುವುದು ಆ ಕಾದಂಬರಿಯಲ್ಲಿ ಮಾತ್ರ.

ಹೀಗಿರುವಾಗ ಆ ಕಾದಂಬರಿ ಸಿನಿಮಾ ಆಗಿಬಿಟ್ಟಿತು! ಹುಮನಾಬಾದಿನ ಟಾಕೀಸಿಗೂ ಬಂತು. ನಾನು ಕುಣಿಯುತ್ತ ಸುದ್ದಿ ತಂದರೆ ಕಾಕುವಿನ ಮುಖ ಸಣ್ಣದಾಯಿತು.

"ಅಲ್ಲಿ ಬ್ಯಾರೆ ಯಾವನರೇ ಕಂಪೌಂಡರ್ ಆಗಿರ್ತಾನ. ಅವನ ಮಾರಿ ಒಮ್ಮಿ ಕಣ್ಣಾಗ ಕುಂತ್ರ, ನಿಮ್ಮ ಕಾಕಾ ಎಲ್ಲಿ ಕೂಡಬೇಕು?"

ಹಾಗೆಂದು ತನ್ನ ಹೊಲ, ತನ್ನ ಬಾವಿ ಪರದೆಯ ಮೇಲೆ ಹೇಗಿವೆಯೋ ನೋಡುವ ಆಸೆಯೂ ಬಿಡದು. ನಾನೂ ಹೋಗೋಣವೆಂದು ಹಟ ಹಿಡಿದೆ. ಕೊನೆಗೆ ಒಂದು ಒಪ್ಪಂದವಾಯಿತು. ಸೈಕಲ್ ಗಂಟೆ ಕೇಳಿದೊಡನೆ ಅವಳು ಕಣ್ಣು ಮುಚ್ಚಬೇಕು, ಕಂಪೌಂಡರ್ ಹೋದ ಮೇಲೆ ನಾನು ಮೊಣಕೈಯಿಂದ ತಿವಿಯಬೇಕು.

ಮಧ್ಯಾಹ್ನದ ಆಟಕ್ಕೆ ಹೋದೆವು. ಸಿನಿಮಾದವರು ತಪ್ಪು ಮಾಡಿದರೆ ತೋರಿಸಲಿಕ್ಕಿರಲಿ ಎಂದು ಕಾಕು ಕಾದಂಬರಿಯನ್ನೂ ಚೀಲದಲ್ಲಿ ತಂದಿದ್ದಳು. ಯಾರಿಗೆ ತೋರಿಸುತ್ತಾಳೆ? ಟಾರ್ಚ್ ಹಿಡಿದು ಸೀಟು ತೋರಿಸುವವನಿಗೆ! ಬಾವಿ ಮನೆಯ ಎಡಕ್ಕಿರಬೇಕಿತ್ತೆಂದು ಪುಟ ತೆಗೆದು ತೋರಿಸಿದಳು. ಅವನು ಅದೇ ಟಾರ್ಚಿನಲ್ಲಿ ಸಾವಧಾನವಾಗಿ ಓದಿ, ಟಾಕೀಸಿನ ಮಾಲಕರಿಗೆ ಹೇಳುತ್ತೇನೆಂದು ಹೋದ. ಜಮೀನ್ದಾರನಾಗಿ ಬಂದವನನ್ನು ನೋಡಿ, "ನಮ್ಮ ಗಿರಣಿಯವರ ಮುಂದ ಇಂವ ಏನೂ ಅಲ್ಲ" ಎಂದು ಹಿಂದಿನ ಸಾಲಿಗೂ ಕೇಳುವಂತೆ ತೀರ್ಪು ಕೊಟ್ಟಳು.

ತೊಂದರೆ ಆದದ್ದು ಸೈಕಲ್ಲುಗಳಿಂದ. ಹಳೆಯ ಕಾಲ ತೋರಿಸಬೇಕೆಂದು ನಿರ್ದೇಶಕರು ಊರಿಗೆಲ್ಲ ಸೈಕಲ್ ಹಂಚಿಬಿಟ್ಟಿದ್ದರು! ಹಾಲಿನವನ ಗಂಟೆ ಕೇಳಿತು, ಕಾಕು ಕಣ್ಣು ಮುಚ್ಚಿದಳು. ಮಾಸ್ತರರ ಗಂಟೆ, ಮತ್ತೆ ಮುಚ್ಚಿದಳು. ಪುಸ್ತಕ ಓದದ, ಕಾಕು ಹೇಳಿದ್ದಷ್ಟೇ ಕೇಳಿದ ನನಗೆ ಬಾಟಲಿ ಹೊರಬರುವ ತನಕ ಇವರಲ್ಲಿ ಕಂಪೌಂಡರ್ ಯಾರೆಂದು ಹೇಗೆ ತಿಳಿಯಬೇಕು? ತಿವಿಯಲೋ ಬೇಡವೋ ಎಂದು ನಾನು ಯೋಚಿಸುವುದರೊಳಗೆ ನಾಯಕಿಯ ಮದುವೆಯೇ ಮುಗಿದುಹೋಯಿತು. ತನ್ನ ಮದುವೆಯನ್ನು ಕಾಕು ನೋಡಲಿಲ್ಲ. ಆ ಊಟದಲ್ಲಿ ನನ್ನ ಪಾತ್ರವನ್ನಂತೂ ಕತ್ತರಿಸಿಯೇ ಹಾಕಿದ್ದರು.

ಆಮೇಲೆ ಅನಾಹುತವಾಯಿತು. ಕಂಪೌಂಡರ್ ನಡೆದುಕೊಂಡು ಬಂದ. ಊರಿಗೆಲ್ಲ ಸೈಕಲ್ ಕೊಟ್ಟವರು ಅವನೊಬ್ಬನಿಗೆ ಕೊಟ್ಟಿರಲಿಲ್ಲ. ಸೀದಾ ಬಂದು ಬಾಟಲಿ ಇಟ್ಟು, ಕಟ್ಟೆಯ ಮೇಲೆ ಕೂತು, ಪರದೆ ತುಂಬ ನಕ್ಕ. ಕಾಕುವಿನ ಕಣ್ಣು ಪೂರಾ ತೆರೆದಿತ್ತು.

ಅಲ್ಲಿಂದ ಮುಂದೆ ಅವಳು ಒಂದು ತಪ್ಪನ್ನೂ ತೋರಿಸಲಿಲ್ಲ. ಆಟ ಬಿಟ್ಟ ಮೇಲೆ ಟಾರ್ಚಿನವನ ದನಿ ತೆಗೆದೆ, ಜಮೀನ್ದಾರನ ನಡಿಗೆ ನಡೆದೆ. ಅವಳು ನಗಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಪುಸ್ತಕ ತೆಗೆದಳು. ಆ ಪುಟವನ್ನು ಹುಡುಕಬೇಕಾಗಿರಲಿಲ್ಲ, ತಾನೇ ತೆರೆದುಕೊಂಡಿತು. ಒಂದೆರಡು ಸಾಲು ಓದುವುದು, ಕಣ್ಣು ಮುಚ್ಚುವುದು, ಮತ್ತೆ ಓದುವುದು. ನಾನು ಹೆದ್ದಾರಿಯ ಲಾರಿಗಳನ್ನು ಎಣಿಸುತ್ತ ಕೂತೆ. ಹಟ ಹಿಡಿದು ಕರೆದುಕೊಂಡು ಬಂದವನು ನಾನೇ ಅಲ್ಲವೇ? ದವಾಖಾನೆಯಲ್ಲಿ ಒಮ್ಮೆ ಕಳೆದುಕೊಂಡ ಗಂಡನನ್ನು ಟಾಕೀಸಿನಲ್ಲಿ ಮತ್ತೊಮ್ಮೆ ಕಳೆದುಕೊಳ್ಳುವಂತೆ ಮಾಡಿದೆನೇ?

"ಹ್ಯಾಂಗದ ಕಾಕು?" ಎಂದೆ ಮೆಲ್ಲಗೆ.

"ಸಿನಿಮಾದವ ಬಂದಾನ. ಕಟ್ಟಿ ಮ್ಯಾಲ ಕುಂತಾನ."

ಕಾಕು ಇನ್ನೊಮ್ಮೆ ಸಾಲಿನ ಮೇಲೆ ಬೆರಳಾಡಿಸಿ ಕಣ್ಣು ಮುಚ್ಚಿದಳು.

"ನಿಮ್ಮ ಕಾಕಾನೂ ಅದಾರ. ಬಾಜೂಕೇ ಕುಂತಾರ. ಅವನಿಗಿ ನೋಡಿ ನಗಾಕತ್ತಾರ."

ನಾನು ಉಸಿರು ಬಿಟ್ಟ ಸದ್ದಿಗೆ ಮುಂದಿನ ಸೀಟಿನವರು ಬಸ್ಸಿನ ಟೈರ್ ಪಂಚರ್ ಆಯಿತೆಂದು ತಿರುಗಿ ನೋಡಿದರು.

ಬಸ್ಸಿನ ಕುಲುಕಾಟಕ್ಕೆ ಅಕ್ಷರ ನಿಲ್ಲುತ್ತಿಲ್ಲವೆಂದು ಕಾಕು ಪುಸ್ತಕವನ್ನು ನನ್ನ ಕೈಗೆ ಕೊಟ್ಟಳು. ಬೆರಳುಗಳ ಕಲೆ ಬಿದ್ದ, ಅಂಚು ಮೆತ್ತಗಾದ ಪುಟ. ಓದತೊಡಗಿದೆ. ಕಂಪೌಂಡರ್ ಸೈಕಲ್ ಇಳಿದ, ಬಾಟಲಿ ಇಟ್ಟ, ಕಟ್ಟೆಯ ಮೇಲೆ ಕೂತ. ನಾನು ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ಕಾಕು ಪುಟದ ಮೇಲೆ ಅಂಗೈ ಇಟ್ಟಳು.

"ಸಾವಕಾಶ ಓದೋ ತಮ್ಮಾ. ಈಗಷ್ಟೇ ಬಂದು ಕುಂತಾರ."