ನನ್ನ ಹೆಂಡತಿಯ ಸ್ಪ್ಯಾನಿಷ್ ಸಿಟ್ಟು

ನಾನು ಅಂಜುಬುರುಕ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ನಾಯಿಗೆ ಅಂಜುತ್ತೇನೆ, ಹಲ್ಲಿನ ಡಾಕ್ಟರಿಗೆ ಅಂಜುತ್ತೇನೆ, ಮನೆಗೆ ರಿಜಿಸ್ಟರ್ ಪತ್ರ ಬಂದರೆ ಒಡೆಯುವ ಮೊದಲು ಒಂದು ಲೋಟ ನೀರು ಕುಡಿಯುತ್ತೇನೆ. ಆದರೆ ಇವೆಲ್ಲ ಬಂದು ಹೋಗುವ ಅಂಜಿಕೆಗಳು. ಕಳೆದ ಚಳಿಗಾಲದಲ್ಲಿ ನಾನು ಅಂಜಿದ್ದೇ ಬೇರೆ ಬಗೆ. ನನ್ನ ಭುಜದವರೆಗೂ ಬಾರದ, ನನ್ನನ್ನು ಮೂರು ತಿಂಗಳು ಮನೆಯ ಮಗನಂತೆ ಇಟ್ಟುಕೊಂಡಿದ್ದ ಒಬ್ಬ ಹಿರಿಯ ಹೆಂಗಸು ನಮ್ಮ ಮನೆಗೆ ಬರುತ್ತೇನೆಂದು ಬರೆದಾಗ ಹುಟ್ಟಿದ ಅಂಜಿಕೆ ಅದು. ಅವರು ದೇವರಂಥವರು. ನಾನು ಹೇಳಿದ್ದೆಲ್ಲ ಅವರಿಗೆ ನೆನಪಿತ್ತು, ತೊಂದರೆ ಅದೊಂದೇ.

ಮೊದಲಿನಿಂದ ಹೇಳುತ್ತೇನೆ. ನಾನು ಕಲಬುರಗಿಯ ನೆಹರು ಗಂಜಿನ ಒಂದು ದಾಲ್ ಮಿಲ್ಲಿನಲ್ಲಿ ಮ್ಯಾನೇಜರ್. ಎರಡು ವರ್ಷದ ಹಿಂದೆ ನಮ್ಮ ಸಾವಕಾರರು ಬೇಳೆಯಲ್ಲಿನ ಹರಳು, ಕಪ್ಪುಕಾಳು ಆರಿಸುವ ದೊಡ್ಡ ಯಂತ್ರವೊಂದನ್ನು ಸ್ಪೇನಿನಿಂದ ತರಿಸಿದರು. ಯಂತ್ರ ಬಂತು, ಜೊತೆಗೆ ದಪ್ಪನೆಯ ಪುಸ್ತಕ ಬಂತು, ಪುಸ್ತಕದ ತುಂಬ ಸ್ಪ್ಯಾನಿಷ್. ಫೋನ್ ಮಾಡಿದರೆ ಆ ಕಡೆಯ ಮೆಕ್ಯಾನಿಕ್ ಕೂಡ ಅದನ್ನೇ ಮಾತಾಡುತ್ತಿದ್ದ. ಸಾವಕಾರರು ನನ್ನನ್ನು ಕರೆದು, "ನಿಮಗ ಉರ್ದೂ ಬರ್ತದ, ಮರಾಠಿ ಬರ್ತದ, ತೆಲುಗು ತಿಳೀತದ. ಇನ್ನೊಂದು ಭಾಷಾ ಏನ್ ದೊಡ್ಡ ಮಾತ್ರೀ? ಮೂರು ತಿಂಗಳು ಹೋಗಿ ಕಲ್ತು ಬರ್ರಿ" ಎಂದರು. ನನ್ನ ಉರ್ದು ಮೋಮಿನಪುರದ ಚಹಾದಂಗಡಿಯಲ್ಲಿ ಕಲಿತದ್ದು. ಅದರಲ್ಲಿ ಚಹಾ ತರಿಸಬಹುದು, ಹವಾಮಾನ ಬಯ್ಯಬಹುದು, ಅಷ್ಟೇ. ಇದನ್ನು ಸಾವಕಾರರಿಗೆ ಹೇಳಲು ಅಂಜಿದೆ. ಹೀಗೆ ನಲವತ್ತಾರನೆಯ ವಯಸ್ಸಿನಲ್ಲಿ ನಾನು ಪಾಟಿಚೀಲ ಹೊತ್ತುಕೊಂಡು ವ್ಯಾಲೆನ್ಸಿಯಾ ಎಂಬ ಊರಿನ ಭಾಷಾ ಶಾಲೆಗೆ ಸೇರಿದೆ. ಶಾಲೆಯವರು ನನ್ನನ್ನು ಅಂಪಾರೋ ಎಂಬ ನಿವೃತ್ತ ನರ್ಸ್ ಬಾಯಿಯವರ ಮನೆಯಲ್ಲಿ ಇರಿಸಿದರು. ಮನೆಯಲ್ಲಿ ಅವರು, ಅವರ ಯಜಮಾನರು. ಯಜಮಾನರು ಮಾತಾಡುತ್ತಿದ್ದದ್ದು ಫುಟ್‌ಬಾಲ್ ಇದ್ದ ದಿನ ಮಾತ್ರ, ಅದೂ ಟೀವಿಯ ಜೊತೆ.

ಮೊದಲ ದಿನ ಮಧ್ಯಾಹ್ನ ಊಟಕ್ಕೆ ಕೂತೆವು. ನಾನು ಶಾಕಾಹಾರಿ ಎಂದು ತಿಳಿದು ಅಂಪಾರೋ ಬಾಯಿ ಬೇಳೆಯನ್ನೇ ಬೇಯಿಸಿದ್ದರು. ಒಂದು ಬಟ್ಟಲು ಮುಗಿಯಿತು. "ಇನ್ನಷ್ಟು?" ಎಂದರು. ನಾನು ಬೇಡ ಎಂದೆ. ನಮ್ಮ ಕಡೆ ಮರ್ಯಾದಸ್ಥ ಮನುಷ್ಯ ಮೊದಲ ಸಲ ಬೇಡ ಎನ್ನಬೇಕು, ಎರಡನೇ ಸಲ ತಾಟಿನ ಮೇಲೆ ಕೈ ಅಡ್ಡ ಹಿಡಿಯಬೇಕು, ಮೂರನೇ ಸಲ ಬೆರಳ ಸಂದಿಯಿಂದ ಬಿದ್ದದ್ದನ್ನು "ಅಯ್ಯ, ಸಾಕ್ರೀ" ಎನ್ನುತ್ತ ಉಣ್ಣಬೇಕು. ನಾನು ಎರಡನೇ ಸಲಕ್ಕಾಗಿ ಕೈ ಸಿದ್ಧ ಮಾಡಿಕೊಂಡು ಕೂತೆ. ಅವರು ಪಾತ್ರೆಯನ್ನು ಒಳಗೆ ಒಯ್ದು ಫ್ರಿಜ್ಜಿನಲ್ಲಿಟ್ಟರು. ಮರುದಿನವೂ ಹಾಗೇ, ಮೂರನೆಯ ದಿನವೂ ಹಾಗೇ. ಹೌದು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು ಎಂದು ನೀವು ಅನ್ನಬಹುದು. ಪರರ ಮನೆಯಲ್ಲಿ ಒಂದೇ ಸಲ ಕೇಳಿದ್ದಕ್ಕೆ ಹೌದು ಎನ್ನುವ ನಾಲಿಗೆ ನನಗೆ ನಮ್ಮವ್ವ ಕೊಟ್ಟಿಲ್ಲ. ವಾರ ಕಳೆಯುವುದರಲ್ಲಿ ಬೆಲ್ಟಿಗೆ ಹೊಸ ತೂತು ಹಾಕಿಸುವ ಹಂತಕ್ಕೆ ಬಂದೆ.

ಆ ವಾರ ಶಾಲೆಯಲ್ಲಿ ಸಂತೋಷ, ದುಃಖ, ದಣಿವು, ಸಿಟ್ಟು ಇವುಗಳ ಪಾಠವಾಗಿತ್ತು. ಅಂಪಾರೋ ಬಾಯಿ ಊಟದ ಹೊತ್ತಿಗೆ ನನಗೆ ರೂಢಿಯಾಗಲೆಂದು ಮಾತಾಡಿಸುತ್ತಿದ್ದರು. "ನಿನ್ನ ಹೆಂಡತಿ ಹೇಗಿದ್ದಾಳೆ?" ಎಂದು ಕೇಳಿದರು. ಸಂತೋಷವಾಗಿದ್ದಾಳೆ ಎಂದು ಹಿಂದಿನ ದಿನ ಹೇಳಿ ನೋಡಿದ್ದೆ. "ಒಳ್ಳೆಯದು" ಎಂದು ಮಾತು ಮುಗಿಸಿದ್ದರು. ಈ ದಿನ ಸುಮ್ಮನೆ ರುಚಿ ಬದಲಾಗಲಿ ಎಂದು, "ಸಿಟ್ಟಾಗಿದ್ದಾಳೆ" ಎಂದೆ. ಅವರು ಚಮಚ ಕೆಳಗಿಟ್ಟರು. "ಯಾಕೆ?" ಎಂದರು. ನಾನು ಗೊತ್ತಿದ್ದ ಶಬ್ದಗಳನ್ನೆಲ್ಲ ಜೋಡಿಸಿ ಏನೋ ಒಂದು ಹೇಳಿದೆ. "ಪೊಬ್ರೆಸಿತೊ!" ಎಂದು ಉದ್ಗರಿಸಿದರು. ಅಯ್ಯೋ ಪಾಪದ ಕೂಸೇ ಎಂಬಂಥ ಮಾತು ಅದು. ಹಾಗೆ ಅಂದವರೇ ಕೇಳದೆ, ಕಾಯದೆ, ನನ್ನ ಬಟ್ಟಲು ಭರ್ತಿ ತುಂಬಿಸಿದರು.

ಅಲ್ಲಿಂದ ಮುಂದೆ ನಡೆದದ್ದಕ್ಕೆ ನನ್ನ ಹೊಟ್ಟೆಯೇ ಹೊಣೆ. ದಿನಕ್ಕೊಂದು ಕಂತಿನಂತೆ ನನ್ನ ಹೆಂಡತಿಯ ಸಿಟ್ಟು ಏರುತ್ತ ಹೋಯಿತು. ರೊಟ್ಟಿಯನ್ನು ಬೇಕಂತಲೇ ಕರಕು ಮಾಡುತ್ತಾಳೆ ಎಂದೆ. ಮಳೆಯಲ್ಲಿ ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡಿದ್ದಳು ಎಂದೆ. ಭೂತಕಾಲದ ಪಾಠ ಬಂದ ದಿನ ಹುರುಪಿನಲ್ಲಿ, "ನನ್ನ ಮೇಲೆ ತಾಟು ಎಸೆದಳು" ಎಂದುಬಿಟ್ಟೆ. ಅಂದು ಎರಡು ಬಟ್ಟಲು ಬೇಳೆ, ಮೇಲೆ ಕಿತ್ತಳೆ ಹಣ್ಣಿನ ಕೇಕು. ನಿಜ ಹೇಳಬೇಕೆಂದರೆ ನನ್ನ ಹೆಂಡತಿ ಮಹಾದೇವಿ ಸರಕಾರಿ ಶಾಲೆಯಲ್ಲಿ ಮೂರನೇ ತರಗತಿಗೆ ಕಲಿಸುತ್ತಾಳೆ, ಇಪ್ಪತ್ತು ವರ್ಷದಲ್ಲಿ ಒಂದು ಮಗುವಿಗೂ ಕಣ್ಣು ಕೆಂಪಗೆ ಮಾಡಿದವಳಲ್ಲ. ನಾನು ಅಂಪಾರೋ ಬಾಯಿಗೆ ಹೇಳಿದ ನಿಜವೆಂದರೆ ಒಂದೇ, ಅವಳ ತವರು ಕಮಲಾಪುರದಲ್ಲಿ ಬಾಳೆಹಣ್ಣು ಕೆಂಪಗಿರುತ್ತದೆ ಎಂಬುದು. ಅದನ್ನು ಮಾತ್ರ ಅವರು ನಂಬಲಿಲ್ಲ.

ಹೊರಡುವ ದಿನ ರೂಢಿಯಂತೆ ಕೈ ಹಿಡಿದು, "ನಮ್ಮೂರಿಗೆ ಬರಲೇಬೇಕು, ಬಾರದಿದ್ದರೆ ನನಗೆ ಬೇಜಾರಾಗುತ್ತದೆ" ಎಂದೆ. ಈ ಮಾತನ್ನು ನಾವು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೂ ಹೇಳುತ್ತೇವೆ; ಇಳಿದ ಮೇಲೆ ಯಾರೂ ಬರುವುದಿಲ್ಲ. ಅಂಪಾರೋ ಬಾಯಿ ಬಂದರು. ಹೈದರಾಬಾದು ನೋಡಲು ಬಂದ ಗುಂಪನ್ನು ಅಲ್ಲೇ ಬಿಟ್ಟು, ಒಬ್ಬರೇ ರೈಲು ಹತ್ತಿ, ಮೂರು ದಿನ ಇರುತ್ತೇನೆಂದು ಕಲಬುರಗಿಯಲ್ಲಿ ಇಳಿದರು.

ಇಬ್ಬರ ನಡುವೆ ಭಾಷೆ ಬಲ್ಲವನು ನಾನೊಬ್ಬನೇ ಎಂಬುದೇ ನನ್ನ ಧೈರ್ಯ. ಬಾಗಿಲಲ್ಲೇ ಅಂಪಾರೋ ಬಾಯಿ ಮಹಾದೇವಿಯ ಎರಡೂ ಕೈ ಹಿಡಿದು, "ಮಗಳೇ, ನನ್ನ ತಾಯಿಯೂ ಹೀಗೇ ಮುಂಗೋಪಿ. ಆದರೆ ವಯಸ್ಸಾದ ಮೇಲೆ ಬಹಳ ನೊಂದುಕೊಂಡಳು" ಎಂದರು. ಮಹಾದೇವಿ ನನ್ನ ಮುಖ ನೋಡಿದಳು.

"ಸೀರಿ ಛಂದದ ಅಂತಾರ" ಎಂದೆ.

"ಇಷ್ಟುದ್ದ ಮಾತಿಗೆ ಸೀರಿ ಛಂದದ ಅಂತಷ್ಟೇ ಏನ್ರಿ?"

"ಅವರ ಭಾಷಾದಾಗ ಸೀರಿಗೆ ಶಬ್ದ ಇಲ್ಲ. ಸುತ್ತಿ ಬಳಸಿ ಹೇಳಬೇಕಾಗ್ತದ."

ಬಾಗಿಲಲ್ಲೇ ಇಷ್ಟಾಯಿತು. ಇನ್ನು ಊಟದ ಹೊತ್ತಿನ ಅವಸ್ಥೆ ಕೇಳಬೇಡಿ. ಮಹಾದೇವಿ ಎಣ್ಣೆಗಾಯಿ ಪಲ್ಯ ಹಿಡಿದು ನಿಂತಳು. ಅಂಪಾರೋ ಬಾಯಿ ಸಾಕು ಎಂದರು. "ಸಾಕಂದ್ರ ಹ್ಯಾಂಗ್ರೀ? ಅರ್ಧ ರೊಟ್ಟಿನೂ ಆಗಿಲ್ಲ. ಉಣ್ರೀ! ಕೈ ತಗೀರಿ ಅತ್ಲಾಗ!" ಎಂದು ನಮ್ಮ ಕಡೆಯ ಪ್ರೀತಿಯ ದನಿಯಲ್ಲಿ, ಅಂದರೆ ಓಣಿಯ ಆಚೆಗೂ ಕೇಳುವಂತೆ ಹೇಳಿ, ಬಡಿಸಿಯೇ ಬಿಟ್ಟಳು. ಅಂಪಾರೋ ಬಾಯಿ ಬೆದರಿ ತಲೆ ಬಗ್ಗಿಸಿ ತಿಂದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಈಗ ಕಣ್ಣಾರೆ ಕಂಡೆ. ನೀನು ಕಡಿಮೆಯೇ ಹೇಳಿದ್ದೆ" ಎಂದರು. ನಾನು ಮಹಾದೇವಿಗೆ, "ಪಲ್ಯಾ ಭಾಳ ರುಚಿ ಆಗ್ಯದ ಅಂತಾರ" ಎಂದೆ. ಅವಳು ಮತ್ತೊಂದು ಸೌಟು ಹಾಕಿದಳು.

ಎರಡನೆಯ ದಿನ ಅಂಪಾರೋ ಬಾಯಿ ಕೆಂಪು ಬಾಳೆಹಣ್ಣು ನೋಡಲೇಬೇಕೆಂದರು. ಮನೆಯಲ್ಲಿ ಇಬ್ಬರನ್ನು ಕಾಯುವುದೇ ಸಾಕಾಗಿತ್ತು. ಕಮಲಾಪುರದಲ್ಲಿ ಅತ್ತೆಯವರೂ ಸೇರುತ್ತಾರೆ. ಅಳಿಯನಿಗೆ ಅತ್ತೆಯ ಅಂಗಳದಲ್ಲಿ ಮರ್ಯಾದೆ ಹೋದರೆ ಮತ್ತೆ ಸಿಗುವುದಿಲ್ಲ. ಬೈಕಿನ ಟಯರು, ಬಸ್ಸಿನ ಗದ್ದಲ, ನನ್ನ ಮೊಣಕಾಲು ಎಂದು ಏನೇನೋ ನೆವ ಹೇಳಿದೆ. ಮಹಾದೇವಿ ಶಾಂತವಾಗಿ ಒಂದು ಕಾರು ಗೊತ್ತುಮಾಡಿದಳು. ಮಹಾಗಾಂವ ದಾಟುವವರೆಗೂ ನಾನು ಕಿಟಕಿಯಾಚೆಯ ತೊಗರಿ ಹೊಲಗಳನ್ನು ತೋರಿಸುತ್ತ ಎರಡೂ ಭಾಷೆಯಲ್ಲಿ ಎಡೆಬಿಡದೆ ಮಾತಾಡಿದೆ. ಬೇರೆಯವರಿಗೆ ಮಾತಾಡಲು ಜಾಗ ಸಿಗಬಾರದಲ್ಲ.

ಅತ್ತೆಯವರ ಹಿತ್ತಲಲ್ಲಿ, ಬಾವಿಯ ಪಕ್ಕ, ಇಪ್ಪತ್ತು ಕೆಂಪು ಬಾಳೆಗಿಡಗಳಿವೆ. ಅಂಪಾರೋ ಬಾಯಿ ಗೊನೆ ಮುಟ್ಟಿ ನೋಡಿ, ಒಂದು ಹಣ್ಣು ಸುಲಿದು ತಿಂದು, "ನೀನು ಹೇಳಿದ್ದೆಲ್ಲ ನಿಜ" ಎಂದರು. ಅದೇ ಹೊತ್ತಿಗೆ ಸಾವಕಾರರ ಫೋನು ಬಂತು. ಯಂತ್ರ ನಿಂತಿದೆ, ಪರದೆಯ ಮೇಲೆ ಏನೋ ಕೆಂಪಗೆ ಬರುತ್ತಿದೆ ಎಂದರು. ಸಿಗ್ನಲ್ ಸಿಗಲೆಂದು ಅಂಗಳಕ್ಕೆ ಬಂದೆ. ಎರಡೇ ನಿಮಿಷ. ತಿರುಗಿ ಹಿತ್ತಲಿಗೆ ಬಂದಾಗ ಅಂಪಾರೋ ಬಾಯಿ ತಮ್ಮ ಫೋನಿಗೆ ಏನೋ ಹೇಳುತ್ತಿದ್ದರು. ಆ ಫೋನು, ಹಾಳಾದ್ದು, ಕನ್ನಡ ಮಾತಾಡತೊಡಗಿತು.

"ಪ್ರಿಯ ಮಹಾದೇವಿ, ದಯವಿಟ್ಟು ತಪ್ಪು ತಿಳಿಯಬೇಡಿ. ನಿಮ್ಮ ಪತಿ ಒಳ್ಳೆಯ ವ್ಯಕ್ತಿ. ನೀವು ಅವರನ್ನು ಮಳೆಯಲ್ಲಿ ನಿಲ್ಲಿಸಬಾರದು. ಅವರ ಮೇಲೆ ತಟ್ಟೆಯನ್ನು ಎಸೆಯಬಾರದು. ಅವರು ನಮ್ಮ ಮನೆಯಲ್ಲಿ ಪ್ರತಿದಿನ ಊಟದ ಸಮಯದಲ್ಲಿ ಇದನ್ನು ಹೇಳಿ ದುಃಖಿಸುತ್ತಿದ್ದರು."

ಅತ್ತೆಯವರ ಕೈಯಲ್ಲಿದ್ದ ಕುಡಗೋಲು ಹಾಗೇ ನಿಂತಿತು. "ಏ ಯವ್ವಾ, ಏನಂತದ ಅದು? ಯಾರ ಮ್ಯಾಲ ತಾಟು ಒಗದೀ?" ಎಂದರು.

ಮಹಾದೇವಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಎಷ್ಟೋ ಪಾಡಿತ್ತು. ಗಣಿತ ತಪ್ಪಿದ ಮಗುವಿನ ಪಾಟಿಯನ್ನು ನೋಡುವ ನೋಟ ಅದು. ಎಲ್ಲಿ ತಪ್ಪಿದೆ, ಹೇಗೆ ತಪ್ಪಿದೆ, ಎಲ್ಲವೂ ಅವಳಿಗೆ ತಿಳಿಯಿತು. ಅವಳು ಫೋನಿನ ಹತ್ತಿರ ಬಾಗಿ, ಶಾಲೆಯಲ್ಲಿ ಪಾಠ ಹೇಳುವ ಸ್ಪಷ್ಟ ಕನ್ನಡದಲ್ಲಿ ಹೇಳಿದಳು: "ಹೌದು, ಎಸೆದಿದ್ದೆ. ತಪ್ಪಾಯಿತು. ಇನ್ನು ಮುಂದೆ ಎಸೆಯುವುದಿಲ್ಲ."

ಅಂಪಾರೋ ಬಾಯಿ ಅವಳನ್ನು ತಬ್ಬಿಕೊಂಡು ಕಣ್ಣೀರು ಹಾಕಿದರು. ಅತ್ತೆಯವರು ಎರಡೂ ಕೈ ಜೋಡಿಸಿ ನನ್ನ ಮುಂದೆ ನಿಂತರು. "ಅಳ್ಯಾರ, ಇಂಥಾಕಿ ಅಂತ ನನಗ ಗೊತ್ತಿದ್ದಿಲ್ರೀ. ಹೊಟ್ಯಾಗ ಹಾಕ್ಕೋರಿ" ಎಂದರು. ಆ ವಯಸ್ಸಾದ ಕೈಗಳನ್ನು ಕೆಳಗಿಳಿಸಿ ನಿಜ ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ನಾನು ಏನು ಹೇಳಿದೆ ಗೊತ್ತೆ? "ಇರ್ಲಿ ಬಿಡ್ರಿ ಅತ್ತಿ" ಎಂದೆ. ಅಂದರೆ, ಕ್ಷಮಿಸಿದೆ. ಈಗಲೂ ಅದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಅಂಪಾರೋ ಬಾಯಿಯನ್ನು ರೈಲು ಹತ್ತಿಸಿ ಮನೆಗೆ ಬರುವಾಗ ಮಹಾದೇವಿ ಒಂದೇ ಪ್ರಶ್ನೆ ಕೇಳಿದಳು. "ಅಲ್ಲಿ ನಿಮಗ ಹೊಟ್ಟಿ ತುಂಬ ಸಿಗ್ತಿದ್ದಿಲ್ಲೇನ್ರಿ?" ನಾನು ಎಲ್ಲವನ್ನೂ ಹೇಳಿದೆ. ಅವಳು ಕೇಳಿಸಿಕೊಂಡು, "ನಿಮಗ ಉಣ್ಣಾಕ ಹಾಕಿದವ್ರ ಮುಂದ ನಿಮ್ಮನ್ನ ಸುಳ್ಳ ಮಾಡೂದು ಬ್ಯಾಡ ಅಂತ ಹೂಂ ಅಂದೆ. ಆದ್ರ ಅವ್ವಗ ನೀವೇ ಹೇಳಬೇಕು. ನಾ ಹೇಳಂಗಿಲ್ಲ" ಎಂದಳು.

ಇದಾಗಿ ನಾಲ್ಕು ತಿಂಗಳು. ನಾನು ಹೇಳಿಲ್ಲ. ಅತ್ತೆಯವರು ವಾರ ವಾರ ಮಗಳಿಗೆ ಫೋನ್ ಮಾಡಿ ಬುದ್ಧಿ ಹೇಳುತ್ತಾರೆ. ಅವಳು ಹೂಂ, ಹೂಂ ಎನ್ನುತ್ತ ಶಾಲೆಯ ಮಕ್ಕಳ ನೋಟುಪುಸ್ತಕ ತಿದ್ದುತ್ತಾಳೆ. ಪಾಪದ ಅಳಿಯನಿಗೆಂದು ಬಸ್ಸಿನಲ್ಲಿ ಬಾಳೆಹಣ್ಣು ಬರುತ್ತದೆ. ಇವತ್ತು ಫೋನ್ ಮಾಡಿಯೇ ಬಿಡುತ್ತೇನೆ ಎಂದು ಪ್ರತಿ ಸಲ ನಿರ್ಧರಿಸುತ್ತೇನೆ, ಮೊದಲು ಹಣ್ಣು ಮುಗಿಯಲಿ ಎಂದು ತಡೆಯುತ್ತೇನೆ. ಬಾಯಿ ಬಿಟ್ಟು ಹೇಳಲಾರದ್ದನ್ನು ಬರೆದಾದರೂ ಹಗುರಾಗೋಣವೆಂದು ಕೊನೆಗೆ ಇದನ್ನು ಬರೆಯಲು ಕೂತೆ. ಅತ್ತೆಯವರಿಗೆ ಓದಲು ಬರುವುದಿಲ್ಲ ಎಂಬ ಧೈರ್ಯವೂ ಇತ್ತು.

ಈಗ ಸ್ವಲ್ಪ ಹೊತ್ತಿನ ಮುಂಚೆ ಮಹಾದೇವಿ ಈ ಹಾಳೆಗಳನ್ನು ಓದಿದಳು. ಕೆಂಪು ಪೆನ್ನಿನಿಂದ ಮೂರು ಕಾಗುಣಿತ ತಿದ್ದಿದಳು. "ಛಂದ ಬರ್ದೀರಿ. ಕಾರು ಹೇಳೀನಿ. ಕಮಲಾಪುರಕ್ಕ ಹೋಗಿ ಅವ್ವನ ಮುಂದ ಕೂತು ಒದರಿ ಓದ್ರಿ" ಎಂದಳು. ಇನ್ನೂ ಮುಗಿದಿಲ್ಲ, ಎರಡು ಸಾಲು ಬಾಕಿ ಇದೆ ಎಂದೆ. ಅವಳು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಕಾರಿನವನು ಎರಡು ಸಲ ಹಾರನ್ ಹೊಡೆದ. ಪ್ರಬಂಧ ಯಾಕೆ ಇಷ್ಟು ಉದ್ದವಾಯಿತೆಂದು ಓದುಗರು ದಯವಿಟ್ಟು ಕೇಳಬಾರದು.